ಮುಂಗೂಟ ಮೊದಲು ತಾಗಿತ್ತು

ವಾಸಣ್ಣನ ಚೆಂಡು ಮುಂಗೂಟಕ್ಕೇ ಮೊದಲು ತಾಗಿತ್ತು. ನಾನು ಕಣ್ಣಾರೆ ಕಂಡಿದ್ದೆ. ಕಂಡೂ ಇಲ್ಲವೆಂದೆ. ನಲವತ್ತು ವರ್ಷ ದಾಟಿದ ಮೇಲೆ ಇಷ್ಟನ್ನು ಬರೆಯುವ ಧೈರ್ಯ ಬಂದಿದೆ.

ಐವತ್ತರ ದಶಕದ ನಡುವಿನ ಮಾತು. ಮೈಸೂರಿನಿಂದ ಬಂದ ನಾನು ಮುಂಬಯಿಯ ಬೈಕುಲ್ಲಾದ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದೆ. ಕಾರ್ಖಾನೆಯ ಹಿಂದೆ ಸ್ಟಾಫ್ ಕ್ಲಬ್ಬು; ಅದರೊಳಗೆ ಇಂಗ್ಲಿಷ್ ಅಧಿಕಾರಿಗಳು ಬಿಟ್ಟುಹೋದ ಸ್ಕಿಟಲ್ಸ್ ಎಂಬ ಆಟದ ಉದ್ದನೆಯ ಹಲಗೆಯ ಹಾದಿ. ಅವರ ಊರ ಕಡೆಯ ಬೌಲಿಂಗ್ ಅದು. ಹಾದಿಯ ಕೊನೆಯಲ್ಲಿ ಒಂಬತ್ತು ಮರದ ಗೂಟಗಳು, ಚೌಕವೊಂದನ್ನು ಮೂಲೆ ಮುಂದೆ ಬರುವಂತೆ ತಿರುಗಿಸಿದ ಹಾಗೆ. ಬೆರಳು ತೂರಿಸಲು ತೂತಿಲ್ಲದ ಮರದ ಚೆಂಡನ್ನು ಅಂಗೈಯಲ್ಲೇ ಹಿಡಿದು ಉರುಳಿಸಬೇಕು. ಒಬ್ಬೊಬ್ಬರಿಗೆ ಮೂರು ಎಸೆತ. ಒಂಬತ್ತೂ ಬಿದ್ದರೆ ಮತ್ತೆ ನಿಲ್ಲಿಸಿ ಉಳಿದ ಎಸೆತ ಆಡಿಸುವುದು. ನಮ್ಮಲ್ಲಿ ಇನ್ನೊಂದು ನಿಯಮವಿತ್ತು—ಎಲ್ಲಕ್ಕೂ ಮುಂದೆ ಒಂಟಿಯಾಗಿ ನಿಂತ ಮುಂಗೂಟಕ್ಕೆ ಚೆಂಡು ಮೊದಲು ತಾಗಬೇಕು. ಇಲ್ಲದಿದ್ದರೆ ಎಷ್ಟು ಬಿದ್ದರೂ ಸೊನ್ನೆ. ಅದನ್ನು ನೋಡಿ ಹೇಳಲು, ಆಗಷ್ಟೇ ಆಡಿ ಮುಗಿಸಿದವನು ಗೂಟಗಳ ಪಕ್ಕ ನಿಲ್ಲಬೇಕು.

ವಾಸಣ್ಣ ಉಡುಪಿ ಕಡೆಯವನು, ನಮ್ಮ ಕ್ಯಾಂಟೀನಿನ ಅಡುಗೆಯವನು. ನನಗಿಂತ ಐದಾರು ವರ್ಷ ದೊಡ್ಡವನು. ಭಾನುವಾರ ಬಿದ್ದ ಗೂಟಗಳನ್ನು ಎತ್ತಿ ನಿಲ್ಲಿಸುವ ಕೆಲಸವೂ ಅವನದೇ. ಹಿಂಬಾಗಿಲಿಂದ ಬರಬೇಕು, ಕುರ್ಚಿಯಲ್ಲಿ ಕೂರುವಂತಿಲ್ಲ. ಮೆಂಬರುಗಳು ಊಟಕ್ಕೆ ಹೋದಾಗ ಅವನೊಬ್ಬನೇ ಆಡುತ್ತಿದ್ದ. ನನಗೆ ಆಟ ಕಲಿಸಿದವನೂ ಅವನೇ.

“ಇಷ್ಟು ಜೋರು ಎಂತಕ್ಕೆ ರಾಯರೇ? ಮಣಿಕಟ್ಟು ಸಡಿಲ ಬಿಡಿ. ಕಾವಲಿಗೆ ದೋಸೆ ಹುಯ್ದ ಹಾಗೆ ಬಿಡಬೇಕು.”

ಆ ವರ್ಷ ಬಂದ ಹೊಸ ಸೆಕ್ರೆಟರಿ, ಮರಾಠಿಯವರು, ವರ್ಷದ ಪಂದ್ಯದಲ್ಲಿ ಕ್ಯಾಂಟೀನಿನವರೂ ಆಡಬಹುದೆಂದರು. ಗೆದ್ದವನು ಯಾರೇ ಆಗಲಿ, ಕ್ಲಬ್ಬಿನ ಮೆಂಬರ್. ಹಿಂದಿನ ವರ್ಷ ಗೆದ್ದವನು ನಾನು. ಪಂದ್ಯದ ದಿನ ವಾಸಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮೊದಲ ಸಲ ಮುಂಬಾಗಿಲಿಂದ ಒಳಗೆ ಬಂದ.

ನನಗೆ ಬಂದದ್ದು ಹತ್ತೊಂಬತ್ತು—ಅಲ್ಲಿಯವರೆಗೆ ಎಲ್ಲರಿಗಿಂತ ಹೆಚ್ಚು. ಉಳಿದವನು ವಾಸಣ್ಣ ಒಬ್ಬನೇ. ನಾನು ಹೋಗಿ ಗೂಟಗಳ ಪಕ್ಕ ನಿಂತೆ. ಅವನ ಮೊದಲ ಎಸೆತಕ್ಕೆ ಒಂಬತ್ತೂ ಉರುಳಿದವು. ಎರಡನೆಯ ಚೆಂಡು ಮುಂಗೂಟದ ಬಲಬದಿಯನ್ನು ಸವರಿಕೊಂಡು ಪಕ್ಕದ ಗೂಟಕ್ಕೆ ಬಡಿಯಿತು. ಉಳಿದವೆಲ್ಲ ಬಿದ್ದವು. ಮುಂಗೂಟ ಮಾತ್ರ ಓಲಾಡಿ ಕೊನೆಗೆ ಬಿತ್ತು. ತಾಗಿದ ಸದ್ದು ನನ್ನ ಕಿವಿಗೂ ಬಿದ್ದಿತ್ತು. ದೂರದವರಿಗೆ ಗೊತ್ತಾಗುವಂತಿರಲಿಲ್ಲ.

“ಬೋಲೋ ಭಾಯಿ, ಪೆಹಲೇ ಕೌನ್‌ಸಾ ಲಗಾ?” ಮೊದಲು ಯಾವ ಗೂಟಕ್ಕೆ ತಾಗಿತೆಂದು ಸೆಕ್ರೆಟರಿ ಕೂಗಿ ಕೇಳಿದರು.

ಅವನಿಗೆ ಹದಿನೆಂಟು ಆಗಿಹೋಗಿತ್ತು, ಇನ್ನೂ ಒಂದು ಎಸೆತ ಬಾಕಿ. ಗೆಲುವು ಕೈಬಿಡುತ್ತಿದೆಯೆಂಬ ಹೊಟ್ಟೆಕಿಚ್ಚು ಒಂದು. ಇನ್ನೊಂದು—ಹೇಳಲು ನಾಚಿಕೆಯಾಗುತ್ತದೆ—ನಾಳೆಯಿಂದ ಈ ಅಡುಗೆಯವನು ನನ್ನ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುತ್ತಾನಲ್ಲ ಎಂಬ…

“ಬಾಜೂವಾಲಾ,” ಎಂದೆ. ಪಕ್ಕದ್ದು ಎಂದು. ಒಂದೇ ಮಾತು.

ಕ್ಯಾಂಟೀನಿನವರು ಗಲಾಟೆ ಎಬ್ಬಿಸಿದರು. ಅವರನ್ನು ಸುಮ್ಮನಾಗಿಸಿದವನು ವಾಸಣ್ಣನೇ. “ರಾಯರು ಹತ್ತಿರವೇ ನಿಂತು ನೋಡಿದ್ದಾರೆ ಮಾರಾಯ್ರೆ. ಸುಳ್ಳು ಹೇಳುವ ಜನ ಅಲ್ಲ ಅವರು.”

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಅವನ ಕೊನೆಯ ಚೆಂಡಿಗೆ ಬಿದ್ದದ್ದು ನಾಲ್ಕು ಗೂಟ. ಎಲ್ಲರೂ ನನ್ನ ಕೈ ಕುಲುಕುತ್ತಿದ್ದಾಗ ಅವನು ಬಿಳಿ ಅಂಗಿಯ ತೋಳು ಮಡಚಿ ಗೂಟಗಳನ್ನು ಆಯ್ದು ಪೆಟ್ಟಿಗೆಗೆ ತುಂಬುತ್ತಿದ್ದ. ಮರುವರ್ಷದಿಂದ ಕ್ಯಾಂಟೀನಿನವರನ್ನು ಪಂದ್ಯಕ್ಕೆ ಕರೆಯಲಿಲ್ಲ. ವಾಸಣ್ಣ ಮತ್ತೆ ಚೆಂಡು ಮುಟ್ಟಿದ್ದನ್ನು ನಾನು ನೋಡಲಿಲ್ಲ. ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟು ಹೋದ.

ಹದಿನೈದು ವರ್ಷದ ನಂತರ ಗ್ರಾಂಟ್ ರೋಡಿನ ಹೋಟೆಲೊಂದರ ಗಲ್ಲಾದಲ್ಲಿ ಕೂತಿದ್ದ ವಾಸಣ್ಣ ನನ್ನನ್ನು ಕಂಡು ಎದ್ದು ಬಂದ. ಹೋಟೆಲು ಅವನದೇ. ಮಗನನ್ನು ಕರೆದು ಹೇಳಿದ: “ಇವರೇ ನೋಡು ನಾನು ಹೇಳುತ್ತಿದ್ದ ರಾಯರು. ನನ್ನ ಮೇಲೆ ಅಷ್ಟು ಪ್ರೀತಿ ಇದ್ದರೂ ಕಂಡದ್ದನ್ನು ಕಂಡ ಹಾಗೆಯೇ ಹೇಳಿದವರು. ಮನುಷ್ಯ ಅಂದರೆ ಹಾಗಿರಬೇಕು.” ಆ ಹುಡುಗ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ತಡೆಯಲಿಲ್ಲ ನಾನು. ಕಾಫಿ ಕುಡಿದು, ಮಳೆಬೆಳೆಯ ಮಾತಾಡಿ, ಲೋಕಲ್ ಹಿಡಿದು ಮನೆಗೆ ಬಂದೆ.

ನಾನು ಕಸಿದದ್ದು ಬರೀ ಒಂದು ಆಟದ ಗೆಲುವಲ್ಲ. ತಾನು ಗೆದ್ದಿದ್ದೆನೆಂಬುದನ್ನೇ ಅವನಿಗೆ ತಿಳಿಯಗೊಡಲಿಲ್ಲ. ಅದರ ಬದಲಿಗೆ ನನ್ನ ಸುಳ್ಳನ್ನು ಅವನು ಮಕ್ಕಳಿಗೆ ನೀತಿಯೆಂದು ಹೇಳಿಕೊಟ್ಟ.

ವಾಸಣ್ಣ ಈಗ ಆಂಟಾಪ್ ಹಿಲ್‌ನಲ್ಲಿ ಮಗನ ಮನೆಯಲ್ಲಿದ್ದಾನೆ. ಭಾನುವಾರ ಬರುತ್ತೇನೆಂದು ಹೇಳಿಕಳಿಸಿದ್ದೇನೆ. ಅವನಿಗೆ ಕಿವಿ ತೀರಾ ಮಂದವಾಗಿದೆಯಂತೆ; ಗಟ್ಟಿಯಾಗಿ ಕೂಗಿ ಹೇಳಬೇಕಂತೆ. ಮಗ, ಸೊಸೆ, ಮೊಮ್ಮಕ್ಕಳು, ಪಕ್ಕದ ಮನೆಯವರು—ಎಲ್ಲರಿಗೂ ಕೇಳಿಸುತ್ತದೆ.

ಕೇಳಿಸಲಿ.