ಡಬ್ಬಿ ಕ್ಯಾಮರಾದ ಎಂಟನೆಯ ಚಿತ್ರ

ಸತ್ತವರು ಕಾಣಿಸಿಕೊಳ್ಳುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ದೈವ ದೇವರ ಮಾತು ಬೇರೆ. ಅಲ್ಲಿ ನಾನೂ ಎಲ್ಲರಂತೆ ಕೈ ಮುಗಿದು ಪ್ರಸಾದ ತೆಗೆದುಕೊಂಡು ಬರುವವನು. ಆದರೆ ಹುಣಸೆ ಮರದ ಕೆಳಗೆ ಬಿಳಿ ಸೀರೆ, ಬಾವಿಕಟ್ಟೆಯ ಹತ್ತಿರ ಗೆಜ್ಜೆಯ ಸದ್ದು ಎಂದು ಹೇಳಲು ಬಂದವರಿಗೆ, "ಮುಂದಿನ ಸಲ ನನ್ನನ್ನು ಕರೆಯಿರಿ, ಫೋಟೋ ತೆಗೆಯೋಣ" ಎನ್ನುತ್ತಿದ್ದೆ. ಯಾರೂ ಕರೆದದ್ದಿಲ್ಲ. ನನ್ನ ಉದ್ಯೋಗವೇ ಫೋಟೋ ತೆಗೆಯುವುದು. ಬೆಳಕು ಬಿದ್ದಲ್ಲಿ ಫಿಲ್ಮ್ ಕಪ್ಪಾಗುತ್ತದೆ, ಬೀಳದಿದ್ದಲ್ಲಿ ಆಗುವುದಿಲ್ಲ; ಇದರಲ್ಲಿ ಗುಟ್ಟೇನೂ ಇಲ್ಲ. ಒಮ್ಮೆ ಗಿರಾಕಿಯೊಬ್ಬರು ತಮ್ಮ ಮನೆಯ ಫೋಟೋದ ಮೂಲೆಯಲ್ಲಿ ತೀರಿಹೋದ ಅಜ್ಜಿ ಬಂದು ನಿಂತಿದ್ದಾರೆ ಎಂದು ಕೇರಿಯೆಲ್ಲ ತೋರಿಸಿಕೊಂಡು ತಿರುಗಿದ್ದರು. ಅದು ಅಜ್ಜಿಯಲ್ಲ, ಸರಿಯಾಗಿ ತೊಳೆಯದೆ ಉಳಿದ ಹೈಪೋ ಎಂಬ ಮದ್ದಿನ ಕಲೆ ಎಂದು ಹೇಳಿ ಅವರ ಸ್ನೇಹವನ್ನೇ ಕಳೆದುಕೊಂಡೆ.

ಇಷ್ಟೆಲ್ಲ ಹೇಳಿದ್ದು, ಇದನ್ನು ಬರೆಯುತ್ತಿರುವವನು ಅಂಥ ಮನುಷ್ಯ ಎಂದು ನಿಮಗೆ ಮೊದಲೇ ಗೊತ್ತಿರಲಿ ಎಂದು. ನಂಬಿ ಎಂದು ನಾನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಇಸವಿ ಅರವತ್ತೆರಡೋ ಅರವತ್ತಮೂರೋ ಇರಬೇಕು. ಬಂದರಿನಿಂದ ಕುದ್ರೋಳಿಗೆ ಹೋಗುವ ದಾರಿಯಲ್ಲಿ ನನ್ನದೂ ಹಮೀದನದೂ ಸೇರಿ ಒಂದು ಸ್ಟುಡಿಯೋ ಇತ್ತು. ಹಮೀದ ನನ್ನ ಶಾಲೆಯ ದಿನಗಳ ಗೆಳೆಯ, ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಫೋಟೋ ನನ್ನದು, ಬಣ್ಣ ಅವನದು ಎಂದು ನಮ್ಮ ಒಪ್ಪಂದ. ಹಂಚಿನ ಮಾಡು, ನಡುವೆ ಸಾಲಾಗಿ ಗಾಜಿನ ಹಂಚು. ಅದರಿಂದ ಇಳಿಯುವ ಬೆಳಕಿನಲ್ಲೇ ನಮ್ಮ ವ್ಯಾಪಾರ. ಆ ವರ್ಷ ಮಳೆಗಾಲ ಮುಗಿದ ಮೇಲೆ ಹಮೀದ ಫೋಟೋಕ್ಕೆ ನಿಲ್ಲುವವರ ಹಿಂದಿನ ಪರದೆಗೆ ಹೊಸ ಚಿತ್ರ ಬರೆದಿದ್ದ. ದೊಡ್ಡ ಸಮುದ್ರ, ಅದರಲ್ಲೊಂದು ಹೊಗೆ ಹಡಗು. ಹಡಗಿನ ಹೊಗೆ ಬಲಕ್ಕೆ ಹೋಗುತ್ತಿತ್ತು, ಬಾವುಟ ಮಾತ್ರ ಎಡಕ್ಕೆ ಹಾರುತ್ತಿತ್ತು. ಬಂದರಿನಲ್ಲಿ ಹುಟ್ಟಿ ಬೆಳೆದ ನಿನಗೆ ಗಾಳಿ ಯಾವ ಕಡೆ ಬೀಸುತ್ತದೆ ಎಂದೂ ಗೊತ್ತಿಲ್ಲವೇ ಎಂದು ಕೇಳಿದ್ದಕ್ಕೆ, "ನನ್ನ ಕಡಲಲ್ಲಿ ಎರಡು ಗಾಳಿ ಉಂಟು ಮಾರಾಯ, ನಿನಗೆಂತ?" ಎಂದಿದ್ದ.

ಒಂದು ಬೆಳಿಗ್ಗೆ ಕುದ್ರೋಳಿಯ ರಾಜೀವಿಯಕ್ಕ ತಮ್ಮ ಮಗಳು ವಾರಿಜಳನ್ನು ಕರೆದುಕೊಂಡು ಬಂದರು. ಬೀಡಿ ಕಟ್ಟಿ ಮಗಳನ್ನು ಒಬ್ಬರೇ ಬೆಳೆಸಿದ ಹೆಂಗಸು. ಗಟ್ಟಿ ದನಿ, ಬಾಯ್ತುಂಬ ನಗು. ವಾರಿಜಳಿಗೆ ಮದುವೆ ಗೊತ್ತಾಗಿತ್ತು. ಮದುವೆಗೆ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದಲ್ಲಿ ಸಿಕ್ಕಿತು ಎಂದು ಒಂದು ಬಿಸ್ಕತ್ತಿನ ಡಬ್ಬವನ್ನು ನನ್ನ ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದರು. ಒಳಗೆ ತುಂಬ ಹುರಿದ ಅಕ್ಕಿ, ಅಕ್ಕಿಯ ನಡುವೆ ಹೂತು ಒಂದು ಡಬ್ಬಿ ಕ್ಯಾಮರಾ. ನಮ್ಮ ಊರಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ತೇವ ತಾಗದಿರಲಿ ಎಂದು ಯಾರೋ ಮುತುವರ್ಜಿಯಿಂದ ಹಾಗೆ ಇಟ್ಟಿದ್ದರು. ಆ ಯಾರೋ ರಾಜೀವಿಯಕ್ಕನ ಗಂಡ ಸಂಜೀವಣ್ಣ. ಬಂದರಿನ ಗೋದಾಮೊಂದರಲ್ಲಿ ಗುಮಾಸ್ತರಾಗಿದ್ದ ಅವರಿಗೆ ಹಡಗಿನವನೊಬ್ಬ ಆ ಕ್ಯಾಮರಾ ಕೊಟ್ಟಿದ್ದನಂತೆ. ವಾರಿಜ ಇನ್ನೂ ಹೊಟ್ಟೆಯಲ್ಲಿದ್ದಾಗ ಅವರು ಜ್ವರ ಬಂದು ತೀರಿಕೊಂಡರು. ಅವರದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ.

ವಾರಿಜ ಅಪ್ಪನ ಮುಖ ನೋಡಿದವಳೇ ಅಲ್ಲ. ಚಿಕ್ಕವಳಿದ್ದಾಗಿನಿಂದ ಕೇಳುತ್ತಿದ್ದಳಂತೆ, ಅಪ್ಪ ಹೇಗಿದ್ದರು ಎಂದು. "ಕನ್ನಡಿಯಲ್ಲಿ ನಿನ್ನ ಕಿವಿ ನೋಡಿಕೋ, ಅದೇ ಕಿವಿ" ಎಂದು ರಾಜೀವಿಯಕ್ಕ ಹೇಳುತ್ತಿದ್ದರಂತೆ. ಕಿವಿಯಿಂದ ಒಂದು ಮುಖವನ್ನು ಊಹಿಸಿಕೊಳ್ಳುವುದು ಹೇಗೆ? ಗಂಡನ ಮನೆಗೆ ಹೋಗುವ ಮೊದಲು ಒಂದು ಸಲ ಅಪ್ಪನನ್ನು ನೋಡಬೇಕು, ಅಷ್ಟೇ ಅವಳ ಆಸೆ.

ಕ್ಯಾಮರಾದ ಬೆನ್ನಿನ ಕೆಂಪು ಕಿಂಡಿಯಲ್ಲಿ ಎಂಟು ಎಂಬ ಅಂಕಿ ಕಾಣುತ್ತಿತ್ತು. ಎಂದರೆ ಒಳಗೆ ಫಿಲ್ಮ್ ಇತ್ತು, ಎಂಟೇ ಚಿತ್ರದ ಆ ಸುರುಳಿ ಕೊನೆಯದರಲ್ಲಿ ನಿಂತಿತ್ತು. ಆ ಎಂಟನೆಯದನ್ನು ತೆಗೆದಿದ್ದರೋ ಇಲ್ಲವೋ ಹೇಳುವಂತಿರಲಿಲ್ಲ. ನಾನು ರಾಜೀವಿಯಕ್ಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಷ್ಟು ವರ್ಷದ ಫಿಲ್ಮಿನಲ್ಲಿ ಏನೂ ಉಳಿಯದೆ ಇರಬಹುದು. ಉಳಿದರೂ ಕ್ಯಾಮರಾ ಹಿಡಿದವನು ಚಿತ್ರದಲ್ಲಿ ಇರುವುದಿಲ್ಲ.

"ಯಾರ ಕೈಯಲ್ಲಾದ್ರೂ ಕೊಟ್ಟು ಒಂದು ತೆಗೆಸಿರ್ಬಹುದಲ್ವಾ ಮಾರಾಯ್ರೆ?" ಎಂದರು ಅವರು. ಇರಬಹುದು ಎಂದೆ. (ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.)

ನಾವು ಹೀಗೆ ಮಾತಾಡುತ್ತಿರುವಾಗ ವಾರಿಜ ಕ್ಯಾಮರಾವನ್ನು ಕೈಗೆತ್ತಿಕೊಂಡು ಸೊಂಟದ ಹತ್ತಿರ ಹಿಡಿದು, ಪರದೆಯ ಕಡೆ ತಿರುಗಿ ನಿಂತಿದ್ದಳು. "ಇದನ್ನು ಒತ್ತಿದ್ರೆ ಎಂತ ಆಗ್ತದೆ?" ಎಂದು ಕೇಳಿದಳು. ಕೇಳಿದ್ದು ಮೊದಲೋ ಒತ್ತಿದ್ದು ಮೊದಲೋ ಗೊತ್ತಿಲ್ಲ, ಟಕ್ ಎಂದು ಸದ್ದಾಯಿತು. ನನಗೆ ಸಿಟ್ಟು ನೆತ್ತಿಗೇರಿತು. "ಎಂತ ಮಾಡಿದ್ದು ನೀನು? ಆ ಕೊನೆಯದರಲ್ಲಿ ನಿನ್ನ ಅಪ್ಪನ ಮುಖ ಇದ್ದಿದ್ರೆ, ಈಗ ಅದರ ಮೇಲೆ ಹಮೀದನ ಹಡಗು ಬಿತ್ತು!" ಎಂದು ಕೂಗಿದೆ. ಹುಡುಗಿಯ ಕಣ್ಣು ತುಂಬಿ ಬಂತು. ರಾಜೀವಿಯಕ್ಕನ ನಗು ಕೂಡ ಆರಿತು.

ಆಗ ಯಾರು ಎಲ್ಲಿದ್ದರು ಎಂಬುದು ನನಗೆ ಇಂದಿಗೂ ಸ್ಪಷ್ಟವಾಗಿ ನೆನಪಿದೆ. ನಾನೂ ಹಮೀದನೂ ಮೇಜಿನ ಹಿಂದೆ. ರಾಜೀವಿಯಕ್ಕ ನಮ್ಮ ಎದುರಿನ ಬೆಂಚಿನ ಮೇಲೆ. ವಾರಿಜ ನಡುವೆ ನಿಂತಿದ್ದಳು. ಪರದೆಯ ಮುಂದೆ ಒಂದು ಕುರ್ಚಿ ಕೂಡ ಇರಲಿಲ್ಲ, ಖಾಲಿ ಚಾಪೆ ಮಾತ್ರ.

ನಾಳೆ ಬನ್ನಿ ಎಂದರೆ ರಾಜೀವಿಯಕ್ಕ ಕೇಳಲಿಲ್ಲ. ಇಷ್ಟು ವರ್ಷ ಕಾದವಳಿಗೆ ಇನ್ನೊಂದು ಗಳಿಗೆ ಭಾರವಾ ಎಂದು ಬೆಂಚಿನ ಮೇಲೆ ಗಟ್ಟಿಯಾಗಿ ಕುಳಿತರು. ನಾನು ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮಂದ ಕೆಂಪು ದೀಪದ ಕೆಳಗೆ ಫಿಲ್ಮನ್ನು ಎರಡೂ ತುದಿ ಹಿಡಿದು ತಟ್ಟೆಯಲ್ಲಿದ್ದ ಚಿತ್ರ ಮೂಡಿಸುವ ಮದ್ದಿನಲ್ಲಿ ಆಡಿಸುತ್ತ ಹೋದೆ. ಮೊದಲ ಏಳು ಚಿತ್ರಗಳು ಒಲ್ಲದ ಮನಸ್ಸಿನಿಂದ ಬಂದವು, ಹೊಗೆಯ ಹಾಗೆ. ಎಂಟನೆಯದು ಮಾತ್ರ ಬೇಗ ಬಂತು, ಗಾಢವಾಗಿ ಬಂತು. ಅದರಲ್ಲಿ ಒಬ್ಬ ಮನುಷ್ಯ ನಿಂತಿದ್ದದ್ದು ಆ ಬೆಳಕಿನಲ್ಲೇ ಕಂಡಿತು. ಅಯ್ಯೋ, ನನ್ನ ಬಾಯಿಂದ ಬಂದ ಮಾತೇ ನಿಜವಾಯಿತಲ್ಲ, ಇದ್ದ ಒಂದೇ ಮುಖದ ಮೇಲೆ ಹಡಗು ಬಿತ್ತಲ್ಲ ಎಂದು ನನಗೆ ತುಂಬ ಸಂಕಟವಾಯಿತು. ಹುಡುಗಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಲೇ ಹೈಪೋಗೆ ಹಾಕಿ, ತೊಳೆದು ಹೊರಗೆ ತಂದೆ.

ಗಾಜಿನ ಹಂಚಿನ ಕೆಳಗೆ ಹಿಡಿದು ನೋಡಿದೆ. ಹಡಗು ಇತ್ತು. ಹೊಗೆ ಒಂದು ಕಡೆ, ಬಾವುಟ ಇನ್ನೊಂದು ಕಡೆ. ಆ ಹಡಗಿನ ಮುಂದೆ, ನಮ್ಮ ಚಾಪೆಯ ಮೇಲೆ, ಆ ಮನುಷ್ಯ ನಿಂತಿದ್ದ. ಒಂದರ ಮೇಲೊಂದು ಬಿದ್ದ ಚಿತ್ರಗಳನ್ನು ನಾನು ಎಷ್ಟೋ ನೋಡಿದ್ದೇನೆ. ಅವುಗಳಲ್ಲಿ ಮೈಯೊಳಗಿಂದ ಹಿಂದಿನ ಗೆರೆಗಳು ಹಾದು ಹೋಗುತ್ತವೆ. ಇಲ್ಲಿ ಸಮುದ್ರದ ಗೆರೆ ಅವನ ಎಡಗೈಯ ಹತ್ತಿರ ನಿಂತು, ಬಲಗೈಯ ಆಚೆಯಿಂದ ಮುಂದುವರಿದಿತ್ತು. ಪರದೆಯ ಮೇಲೆ ಅವನ ನೆರಳೂ ಬಿದ್ದಿತ್ತು. ಹಮೀದ ಹತ್ತಿರ ಬಂದು ನೋಡಿದ. ಆಮೇಲೆ ಹೋಗಿ ಖಾಲಿ ಚಾಪೆಯ ಅಂಚು ಎತ್ತಿ ನೋಡಿದ.

ಹಮೀದನ ಕೈಯಿಂದ ಬೀಸಣಿಗೆಯಲ್ಲಿ ಗಾಳಿ ಹಾಕಿಸಿ ಫಿಲ್ಮ್ ಒಣಗಿಸಿದ್ದಾಯಿತು. ಪ್ರಿಂಟು ಹಾಕಿ ಮೊದಲು ಏಳನ್ನು ಮಾತ್ರ ಅವರ ಮುಂದೆ ಇಟ್ಟೆ. ಎಂಟನೆಯದನ್ನು ಕೊಡಲು ನನಗೆ ಧೈರ್ಯ ಬರಲಿಲ್ಲ. ಸಂಜೀವಣ್ಣ ಒಳ್ಳೆಯವರಿರಬಹುದು, ಫೋಟೋ ತೆಗೆಯಲು ಮಾತ್ರ ಅವರಿಗೆ ಬರುತ್ತಿರಲಿಲ್ಲ. ಎಲ್ಲರ ತಲೆ ಹಾರಿಸಿದ್ದರು. ಹಾಯಿಯಿಲ್ಲದ ಅರ್ಧ ದೋಣಿ, ಕತ್ತಿನಿಂದ ಕೆಳಗೆ ಮಾತ್ರ ಇರುವ ಯಾರೋ ಗೋದಾಮಿನವರು, ಬಾವಿಯ ಹತ್ತಿರ ಕೊಡ ಹಿಡಿದ ತಲೆಯಿಲ್ಲದ ಹೆಂಗಸು. "ಈ ತಲೆ ಇಲ್ಲದವಳು ನಾನೇ!" ಎಂದು ರಾಜೀವಿಯಕ್ಕ ಬಳೆ ನೋಡಿ ಗುರುತು ಹಿಡಿದರು. "ತೆಗೆಯುವಾಗ ನಗು ನಗು ಅಂತ ಹೇಳಿ ಜೀವ ತಿಂದಿದ್ರು. ನಕ್ಕದ್ದೆಲ್ಲ ದಂಡ!" ತಾಯಿ ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಆ ನಗುವಿನ ಭರದಲ್ಲೇ ಎಂಟನೆಯದನ್ನು ಮುಂದಿಟ್ಟೆ.

ರಾಜೀವಿಯಕ್ಕ ನೋಡಿದರು. ಮೊದಲು ಸೆರಗು ಸರಿಮಾಡಿಕೊಂಡರು. ಆಮೇಲೆ ಎದ್ದು ನಿಂತರು. ಹೆದರಿಕೆಯ ಗುರುತೇ ಆ ಮುಖದಲ್ಲಿರಲಿಲ್ಲ. "ನೋಡಿ ಇವರನ್ನು! ಮನೆಗೆ ಬನ್ನಿ ಅಂತ ಕರೆದ್ರೆ ಇಲ್ಲಿಗೆ ಬಂದು ನಿಂತಿದ್ದಾರೆ" ಎಂದು ಗದರಿದರು. ಗದರುತ್ತ ಕಣ್ಣಿಂದ ನೀರು ಸುರಿಯುತ್ತಿತ್ತು.

ಹಿಂದಿನ ದಿನವಷ್ಟೇ ಅವರ ಮನೆಯಲ್ಲಿ ಹಿರಿಯರಿಗೆ ಬಡಿಸಿದ್ದರಂತೆ. ಮದುವೆಗೆ ಮೊದಲು ನಮ್ಮಲ್ಲಿ ಅದೊಂದು ಕ್ರಮ. ತೀರಿಹೋದವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಮದುವೆಗೆ ಬಂದು ಮಕ್ಕಳನ್ನು ಹರಸಿ ಎಂದು ಕರೆದು, ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು. ನನ್ನ ಮನೆಯಲ್ಲೂ ಮಾಡುತ್ತೇವೆ. ಯಾರಾದರೂ ಬರುತ್ತಾರೆ ಎಂದು ಎಣಿಸಿ ಮಾಡಿದ್ದಲ್ಲ.

ಚಿತ್ರದಲ್ಲಿದ್ದದ್ದು ಇಪ್ಪತ್ತೈದರ ಆಸುಪಾಸಿನ ಯುವಕ. ತೋಳು ಮಡಚಿದ ಅಂಗಿ, ಹಿಂದಕ್ಕೆ ಬಾಚಿದ ಕೂದಲು, ಅಗಲ ಕಿವಿ. ಕ್ಯಾಮರಾ ಹಿಡಿದವರ ಕಡೆ ನೋಡಿ ನಗುತ್ತಿದ್ದರು, ಎಷ್ಟು ನಗು ಎಂದರೆ ಕಣ್ಣೇ ಮುಚ್ಚಿಹೋಗಿತ್ತು. "ಇವರು ಹೀಗೇ ಉಳಿದ್ರು, ನಾನೊಬ್ಬಳು ಮುದುಕಿ ಆದೆ" ಎಂದರು ರಾಜೀವಿಯಕ್ಕ. ವಾರಿಜ ಚಿತ್ರವನ್ನು ಹತ್ತಿರ ಎಳೆದುಕೊಂಡಳು. ತನ್ನ ಕಿವಿ ಮುಟ್ಟಿಕೊಂಡು, ಚಿತ್ರದ ಕಿವಿಯ ಮೇಲೆ ಬೆರಳಿಟ್ಟಳು. ಆಮೇಲೆ ಒಮ್ಮೆಲೇ, "ಅಮ್ಮಾ, ಅಪ್ಪನ ಫೋಟೋ ತೆಗೆದದ್ದು ನಾನು!" ಎಂದು ಕೂಗಿ ತಾಯಿಯನ್ನು ತಬ್ಬಿಕೊಂಡಳು. ಹಮೀದ ಓಡಿಹೋಗಿ ಎದುರಿನ ಹೋಟೆಲಿನಿಂದ ಎಲ್ಲರಿಗೂ ಚಹಾ ತಂದ. ಒಂದು ಲೋಟ ಹೆಚ್ಚಿಗೆ ತಂದಿದ್ದ. ಅದನ್ನು ಚಿತ್ರದ ಮುಂದೆ ಇಟ್ಟ.

ನಾನು ಸುಮ್ಮನೆ ಬಿಟ್ಟವನಲ್ಲ. ಅದೇ ಕ್ಯಾಮರಾಕ್ಕೆ ಹೊಸ ಫಿಲ್ಮ್ ಹಾಕಿ, ಅದೇ ಜಾಗದಲ್ಲಿ ನಿಂತು, ಅದೇ ಹೊತ್ತಿನಲ್ಲಿ ತೆಗೆದು ನೋಡಿದೆ. ಗಾಜಿನ ಹಂಚಿನ ಬೆಳಕು ಅಂಥ ಕ್ಯಾಮರಾಕ್ಕೆ ಸಾಲುವುದಿಲ್ಲ. ಹಡಗು ಕೂಡ ಸರಿಯಾಗಿ ಮೂಡಲಿಲ್ಲ. ಹಿರಿಯ ಫೋಟೋಗ್ರಾಫರ್ ಒಬ್ಬರಿಗೆ ತೋರಿಸಿದಾಗ, ನಿಮ್ಮ ಪಾಲುದಾರನೇ ಹೋಗಿ ನಿಂತಿರಬೇಕು ಎಂದರು. ಹಮೀದ ನನ್ನ ಪಕ್ಕದಲ್ಲಿದ್ದ. ಅಲ್ಲದೆ ಹಮೀದನ ಹೊಟ್ಟೆ ಆ ಚಿತ್ರದ ಮನುಷ್ಯನಿಗೆ ಇರಲಿಲ್ಲ. ಹಳೆಯ ಫಿಲ್ಮಿನ ಗುಣವೇ ಹಾಗೆ ಎಂದರು ಇನ್ನೊಬ್ಬರು. ಹಳೆಯ ಫಿಲ್ಮಿಗೆ ಮಂಕಾಗುವ ಗುಣ ಉಂಟು, ನಗುವ ಗುಣ ಇರುವುದು ನನಗೆ ಗೊತ್ತಿಲ್ಲ.

ಮದುವೆಗೆ ಆ ಚಿತ್ರವನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ ಕೊಟ್ಟೆವು. ಸಂಬಂಧಿಕರೊಬ್ಬರು ಅದಕ್ಕೆ ಹಾಕಲು ಮಾಲೆ ತಂದರು. ರಾಜೀವಿಯಕ್ಕ ಬಿಡಲಿಲ್ಲ. "ಮದುವೆಗೆ ಬಂದವರಿಗೆ ಹಾಗೆ ಮಾಲೆ ಹಾಕ್ತಾರಾ? ಕುರ್ಚಿ ಕೊಡಿ" ಎಂದರು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿ, ಅದರ ಮೇಲೆ ಇಟ್ಟರು. ಊಟಕ್ಕೆ ಮೊದಲು ಎಲ್ಲರನ್ನೂ ನಿಲ್ಲಿಸಿ ಗುಂಪಿನ ಫೋಟೋ ತೆಗೆಯಲು ನಾನು ಸಿದ್ಧನಾಗುತ್ತಿದ್ದಾಗ, ವಾರಿಜ ಮದುಮಗನ ಪಕ್ಕದಿಂದ ಎದ್ದು ನನ್ನ ಹತ್ತಿರ ಬಂದಳು.

"ಅವತ್ತು ತೆಗೆದದ್ದು ನಾನಲ್ವಾ, ಹಾಗಾಗಿ ಅದರಲ್ಲಿ ನಾನಿಲ್ಲ" ಎಂದಳು. "ಇವತ್ತು ನೀವು ತೆಗೀರಿ. ನಾನು ಅಪ್ಪನ ಪಕ್ಕ ನಿಲ್ತೇನೆ."

ಹೋಗಿ ಕುರ್ಚಿಯ ಪಕ್ಕ ನಿಂತು, ಚೌಕಟ್ಟಿನ ಮೇಲೆ ಕೈ ಇಟ್ಟಳು. ಅವಳಿಗೂ ನಗುವಾಗ ಕಣ್ಣು ಮುಚ್ಚಿಹೋಗುತ್ತದೆ ಎಂದು ನಾನು ಗಮನಿಸಿದ್ದು ಆಗಲೇ. ಆ ಎಂಟನೆಯ ಚಿತ್ರ ಹೇಗೆ ಬಂತು ಎಂದು ಕೇಳಿದರೆ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ಅಪ್ಪ ಮಗಳು ಜೊತೆಯಾಗಿ ಇರುವ ಈ ಚಿತ್ರವನ್ನು ತೆಗೆದದ್ದು ಮಾತ್ರ ನಾನು.