ಜ್ಯಾಕಿನ ಮೇಲೇರಿದ ಗಾಡಿ

ನನ್ನ ಮೋಟರ್‌ಸೈಕಲ್ ಗಾಡಿಯ ಮುಂದಿನ ಚಕ್ರ ನೆಲ ಬಿಟ್ಟು ಮೇಲೇಳಬೇಕಾದರೆ ಶಿಗ್ಲಿಯಿಂದ ಗೆಳೆಯ ಬರಬೇಕಿತ್ತು. ಅವನಿಗೆ ನಟ್ಟು ಬಿಚ್ಚುವ ಪಾನಾ ಹಿಡಿಯಲು ಬರುವುದಿಲ್ಲ. ಚೈನಿಗೆ ಎಣ್ಣೆ ಬಿಡು ಎಂದರೆ ಅರ್ಧ ಎಣ್ಣೆಯನ್ನು ನೆಲಕ್ಕೇ ಕುಡಿಸುತ್ತಿದ್ದ. ಆದರೆ ಒಳ್ಳೆಯ ತೂಕದ ಆಸಾಮಿ. ಇಬ್ಬರೂ ಸೇರಿ ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕುತ್ತಿದ್ದೆವು. ಆಮೇಲೆ ಅವನು ಸೀಟಿನ ಹಿಂತುದಿಗೆ ಹೋಗಿ ಕುಳಿತನೆಂದರೆ ಮುಂದಿನ ಚಕ್ರ ತಾನಾಗಿಯೇ ಮೇಲೇಳುತ್ತಿತ್ತು. ನಾನು ಕೆಳಗೆ ಗೋಣಿಚೀಲ ಹಾಸಿಕೊಂಡು ಬ್ರೇಕು ಬಿಚ್ಚಿ ಒರೆಸುತ್ತಿದ್ದರೆ ಅವನು ಮೇಲೆ ಕುಳಿತು ಶೇಂಗಾ ತಿನ್ನುತ್ತ ಊರ ಸುದ್ದಿಯನ್ನೆಲ್ಲ ಬಿಚ್ಚುತ್ತಿದ್ದ. ತನ್ನ ಮಾತಿಗೆ ತಾನೇ ನಕ್ಕಾಗ ಚಕ್ರ ಗಡಗಡ ಅಲುಗಾಡುತ್ತಿತ್ತು.

"ನಗಬ್ಯಾಡಲೇ, ಚಕ್ರದಾಗ ನನ್ನ ಬೆರಳು ಹೊಕ್ಕಾವು!" ಎಂದು ನಾನು ಕೂಗಬೇಕು. "ನಿನ್ನ ಮಾರಿಗೆ ಮಸಿ ಹತ್ತೇತಿ, ನಗಲಾರದ ಏನ್ ಮಾಡ್ಲಿ?" ಎಂದು ಅವನು ಇನ್ನೂ ಜೋರಾಗಿ ನಗಬೇಕು. ಓಣಿಯ ಜನಕ್ಕೆ ಇದು ಗೊತ್ತಿದ್ದ ಗದ್ದಲ.

ನಾನು ಬೆಟಗೇರಿಯ ಒಂದು ಓಣಿಯಲ್ಲಿ ಒಬ್ಬನೇ ಇರುತ್ತೇನೆ. ಮದುವೆಯಾಗಲಿಲ್ಲ. ಏಕೆ ಎಂದು ಕೇಳುವವರು ಮೊದಲು ಬಹಳ ಜನ ಇದ್ದರು, ಈಗ ಅವರಿಗೂ ಬೇಸರವಾಗಿದೆ. ತಂಗಿಯನ್ನು ಮುಂಡರಗಿಗೆ ಕೊಟ್ಟಿದ್ದೇವೆ; ವರ್ಷಕ್ಕೊಮ್ಮೆ ಹೋಗಿ ಉಂಡು ಬರುತ್ತೇನೆ. ಹೊಟ್ಟೆಪಾಡಿಗೆ ಗದುಗಿನ ಪ್ರೆಸ್ಸುಗಳಿಗೆ ಪ್ರೂಫ್ ನೋಡಿ ಕೊಡುವ ಕೆಲಸ. ಊರವರ ತಪ್ಪು ಹುಡುಕುವುದೇ ಕಸುಬಾದವನ ಸ್ವಭಾವ ಹೇಗಿರುತ್ತದೆಯೋ ನನ್ನದೂ ಹಾಗೆಯೇ ಇದೆ. ಬೇಗ ಸಿಟ್ಟು ಬರುತ್ತದೆ, ಬಂದದ್ದು ಬೇಗ ಹೋಗುವುದಿಲ್ಲ.

ಗೆಳೆಯ ಮತ್ತು ನಾನು ಲಕ್ಷ್ಮೇಶ್ವರದ ಹಾಸ್ಟೆಲಿನಲ್ಲಿ ಒಂದೇ ಟ್ರಂಕಿನಲ್ಲಿ ಅಂಗಿ ಇಟ್ಟುಕೊಂಡು ಓದಿದವರು. ಅವನು ಓದು ಮುಗಿಸಿ ಶಿಗ್ಲಿಯ ಹೊಲಕ್ಕೆ ಹೋದ. ಮೆಣಸಿನಕಾಯಿ, ಶೇಂಗಾ ಬೆಳೆದ. ಗದುಗಿನ ಎಪಿಎಂಸಿಗೆ ಮಾಲು ತಂದಾಗಲೆಲ್ಲ ನನ್ನ ಮನೆಗೆ ಬರುತ್ತಿದ್ದ. ಮಾಲು ಇಲ್ಲದಾಗಲೂ ಏನಾದರೊಂದು ನೆವ ಮಾಡಿಕೊಂಡು ಬರುತ್ತಿದ್ದ. ಬರುವ ಮೊದಲು ಫೋನು ಮಾಡುವ ರೂಢಿ ಅವನಿಗಿರಲಿಲ್ಲ. ಒಮ್ಮೆ ನಾನು ಮನೆಯಲ್ಲಿರದೆ ಅವನು ಬಂದು ಹೋಗಿದ್ದಕ್ಕೆ, "ಒಂದು ಫೋನ್ ಮಾಡಾಕ ಏನಾಗಿತ್ತು ನಿನಗ?" ಎಂದು ರೇಗಿದ್ದೆ.

"ಫೋನ್ ಮಾಡಿ ಬರಾಕ ನಾ ಏನ್ ನಿನ್ನ ಬೀಗ ಅದೀನೇನಲೇ?" ಎಂದಿದ್ದ. "ಗಾಡಿ ಬಾಗಿಲಾಗ ಇದ್ರ ನೀ ಇರತಿ. ಇಲ್ಲಂದ್ರ ಇಲ್ಲ. ಅದಕ್ಯಾಕ ಫೋನು?"

ಅವನೊಬ್ಬನೇ ಅಲ್ಲ, ನಮ್ಮ ಕಡೆ ಎಲ್ಲರ ಲೆಕ್ಕವೂ ಅದೇ. ಮನೆ ಮುಂದೆ ಗಾಡಿ ನಿಂತಿದ್ದರೆ ಯಜಮಾನ ಒಳಗಿದ್ದಾನೆ. ಬಾಗಿಲು ಬಡಿಯದೆ, "ಅದೀರೇನ್ರಿ?" ಎನ್ನುತ್ತ ಅಡುಗೆಮನೆಯ ತನಕ ಬರಬಹುದು. ಗಾಡಿ ಇಲ್ಲದಿದ್ದರೆ ಕೂಗುವ ಗೋಜಿಗೂ ಹೋಗುವುದಿಲ್ಲ, ಓಣಿಯ ತಿರುವಿನಲ್ಲೇ ನೋಡಿ ಹಿಂದಿರುಗುತ್ತಾರೆ. ನಮ್ಮ ಓಣಿಯ ತಿರುವಿನಲ್ಲಿ ಒಂದು ಮಿರ್ಚಿ ಅಂಗಡಿ ಇದೆ. ಅಲ್ಲಿ ನಿಂತರೆ ನನ್ನ ಬಾಗಿಲು ನೇರವಾಗಿ ಕಾಣುತ್ತದೆ.

ಮೊದಲೆಲ್ಲ ಪ್ರೂಫ್ ತರಲು, ಕೊಡಲು ದಿನಾ ಗದುಗಿಗೆ ಓಡಾಡಬೇಕಿತ್ತು. ಈಗೀಗ ಪ್ರೆಸ್ಸಿನವರು ಎಲ್ಲವನ್ನೂ ಮೊಬೈಲಿಗೇ ಕಳಿಸುತ್ತಾರೆ. ಹಿತ್ತಲ ಕಡೆಯ ಕೋಣೆಯಲ್ಲಿ ಕುಳಿತು ನೋಡಿ ಅಲ್ಲಿಂದಲೇ ತಿರುಗಿ ಕಳಿಸುತ್ತೇನೆ. ಗಾಡಿಗೆ ಕೆಲಸ ತಪ್ಪಿತು. ಬಿಸಿಲು, ಧೂಳು, ಮಳೆ ಎಲ್ಲ ಅದರ ಮೇಲೆಯೇ. ನಿಂತಲ್ಲೇ ನಿಂತು ಟಯರಿನ ಒಂದು ಮಗ್ಗುಲು ಚಪ್ಪಟೆಯಾಗತೊಡಗಿತು, ಚೈನು ಕೆಂಪಾಯಿತು. ಕಳೆದ ಮುಂಗಾರಿನಲ್ಲಿ ಗೆಳೆಯ ಬಿತ್ತನೆಗೆ ಸಿಕ್ಕಿಕೊಂಡು ಬರಲಿಲ್ಲ. ಕಾಯುವ ತಾಳ್ಮೆ ನನಗೆಲ್ಲಿದೆ? ಒಬ್ಬನೇ ದೊಡ್ಡ ಸ್ಟ್ಯಾಂಡಿಗೆ ಎಳೆಯಲು ಹೋಗಿ ಸೊಂಟ ಹಿಡಿದುಕೊಂಡಿತು. ಗೋಡೆ ಹಿಡಿದು ನಡೆಯುವ ಸ್ಥಿತಿ. ಆ ಸಿಟ್ಟಿನಲ್ಲೇ ಮೊಬೈಲಿನಲ್ಲಿ ಹುಡುಕಿ ಒಂದು ಹೈಡ್ರಾಲಿಕ್ ಜ್ಯಾಕು ತರಿಸಿದೆ.

ಕೊರಿಯರಿನವನು ಡಬ್ಬಿ ಇಳಿಸಿ, "ಏನೈತ್ರಿ ಸರ ಇದರಾಗ, ಕಲ್ಲೇನ್ರಿ?" ಎಂದು ಬೆವರು ಒರೆಸಿಕೊಂಡ. ಒಳಗೆ ಕೆಂಪು ಬಣ್ಣದ ಕಬ್ಬಿಣದ ಚೌಕಟ್ಟು, ಗಾಡಿಯನ್ನು ಹೊರಲು ಎರಡು ತೋಳು, ಕಾಲಿನಿಂದ ಒತ್ತುವ ಒಂದು ಪೆಡಲು, ಇಳಿಸಲು ಇನ್ನೊಂದು. ಎಂಜಿನ್ನಿನ ಕೆಳಗೆ ಅದನ್ನು ತಳ್ಳಿ, ಪೈಪುಗಳಿಗೆ ಪೆಟ್ಟಾಗದಂತೆ ನಡುವೆ ಒಂದು ಹಲಗೆ ಇಟ್ಟು, ಪಟ್ಟಿ ಬಿಗಿದು, ಪೆಡಲು ಒತ್ತಿದೆ. ಒತ್ತಿದಷ್ಟೂ ಗಾಡಿ ಸದ್ದಿಲ್ಲದೆ ಏರಿತು. ಎರಡೂ ಚಕ್ರ ನೆಲ ಬಿಟ್ಟವು. ಸೊಂಟ ಬಗ್ಗಲಿಲ್ಲ, ಉಸಿರು ಕಟ್ಟಲಿಲ್ಲ, ಯಾರನ್ನೂ ಕರೆಯಲಿಲ್ಲ. ಮುಂದಿನ ಚಕ್ರವನ್ನು ಬೆರಳಿನಿಂದ ತಿರುಗಿಸಿದೆ. ಅದು ಎಷ್ಟೋ ಹೊತ್ತು ತಿರುಗುತ್ತಲೇ ಇತ್ತು. ನನಗೆ ಮಹಾ ಖುಷಿಯಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಇನ್ನು ಆ ದಢೂತಿಯ ಹಂಗಿಲ್ಲ ಎಂದು ಜೋರಾಗಿಯೇ ಅಂದುಕೊಂಡೆ.

ಮಳೆಗಾಲ ಮುಗಿಯುವವರೆಗೆ ಗಾಡಿ ಬಾಗಿಲೊಳಗೆ, ಪಡಸಾಲೆಯಲ್ಲಿ ಜ್ಯಾಕಿನ ಮೇಲೆಯೇ ಇರಲಿ ಎಂದು ತೀರ್ಮಾನಿಸಿದೆ. ಮೊದಲ ದಿನ ಎತ್ತಿಟ್ಟು ಮಲಗಿದವನು ಬೆಳಿಗ್ಗೆ ನೋಡಿದರೆ ಗಾಡಿ ತಾನಾಗಿ ಕೆಳಗಿಳಿದು ನೆಲ ಮುಟ್ಟಿ ಕುಳಿತಿತ್ತು. ಜ್ಯಾಕಿನ ಒಳಗಿನ ಎಣ್ಣೆ ಮೆಲ್ಲಗೆ ಜಾರುತ್ತದಂತೆ. ಬರೀ ಅದನ್ನು ನಂಬಿ ಬಿಡಬಾರದು, ಪಕ್ಕದ ಕಬ್ಬಿಣದ ಸರಳನ್ನು ಹಲ್ಲಿಗೆ ಸಿಕ್ಕಿಸಬೇಕು. ಸಿಕ್ಕಿಸಿದೆ. ಬ್ಯಾಟರಿಯ ವೈರು ಬಿಚ್ಚಿದೆ, ಚೈನಿಗೆ ಎಣ್ಣೆ ಹಾಕಿದೆ, ಹಳೆಯ ದುಪ್ಪಟಿ ಹೊದಿಸಿದೆ. ಬಾಗಿಲ ಮುಂದೆ ಗಾಡಿ ನಿಲ್ಲುತ್ತಿದ್ದ ಜಾಗವನ್ನು ಓಣಿಯ ನಾಯಿಯೊಂದು ಹಿಡಿಯಿತು.

ಆಮೇಲೆ ಮನೆ ಸುಮ್ಮನಾಯಿತು. ಮೊದಲು ನನಗೆ ಅದು ತಿಳಿಯಲೇ ಇಲ್ಲ. ಎರಡು ದಪ್ಪ ಪುಸ್ತಕಗಳ ಪ್ರೂಫ್ ಒಟ್ಟಿಗೆ ಬಂದಿದ್ದವು, ಯಾರೂ ಬರದಿದ್ದದ್ದು ಒಳ್ಳೆಯದೇ ಆಯಿತು ಎನಿಸಿತು. ಬಾಗಿಲು ಮುಂದಕ್ಕೆ ಎಳೆದುಕೊಂಡು ಹಿಂದಿನ ಕೋಣೆಯಲ್ಲಿ ಕುಳಿತರೆ ಸಂಜೆಯವರೆಗೆ ಎದುರುಮನೆಯ ಮಗ್ಗದ ಸಪ್ಪಳ ಬಿಟ್ಟರೆ ಬೇರೆ ಇಲ್ಲ. ಒಂದು ದಿನ ಓಣಿಯ ಇನ್ನೊಂದು ತುದಿಯ ಹಾಲಿನ ಅಂಗಡಿಯಲ್ಲಿ ಮಾತಾಡಲು ಬಾಯಿ ತೆರೆದರೆ ಗಂಟಲು ಕಟ್ಟಿತ್ತು. ನೆಗಡಿ ಎಂದುಕೊಂಡೆ. ನೆಗಡಿಯಾಗಿರಲಿಲ್ಲ, ಹಿಂದಿನ ದಿನದಿಂದ ಯಾರೊಡನೆಯೂ ಮಾತಾಡಿರಲಿಲ್ಲ ಅಷ್ಟೇ.

ಶ್ರಾವಣ ಬಂತು, ಗೆಳೆಯ ಬರಲಿಲ್ಲ. ಗಣಪತಿ ಕೂಡಿಸಿದರು, ಬಿಟ್ಟೂ ಬಂದರು, ಅವನು ಬರಲಿಲ್ಲ. ಫೋನು ಕೈಯಲ್ಲೇ ಇತ್ತು; ಆದರೆ ನಾನೇಕೆ ಮಾಡಬೇಕು? ಬೀಗನೇ ನಾನು? ಅವನ ಮಾತನ್ನೇ ಅವನಿಗೆ ತಿರುಗಿಸಿ ಹೇಳುವುದನ್ನು ಮನಸ್ಸಿನಲ್ಲೇ ಹತ್ತಾರು ಸಲ ಅಭ್ಯಾಸ ಮಾಡಿಕೊಂಡೆ. ಮಹಾನವಮಿಗೆ ಗಾಡಿಯ ಪೂಜೆ ಮಾಡಬೇಕು. ನೀರು ಚಿಮುಕಿಸಿ, ಕುಂಕುಮ ಹಚ್ಚಿ, ಹೂವಿನ ಮಾಲೆ ಹಾಕಿದೆ. ಚಕ್ರದ ಕೆಳಗೆ ಲಿಂಬೆಹಣ್ಣು ಇಡಲು ಹೋದರೆ ಚಕ್ರವೇ ನೆಲದ ಮೇಲಿಲ್ಲ. ಲಿಂಬೆಹಣ್ಣು ಕೈಯಲ್ಲಿ ಹಿಡಿದುಕೊಂಡು ಪೆದ್ದನ ಹಾಗೆ ನಿಂತೆ. ಇದನ್ನು ನೋಡಿದ್ದರೆ ಅವನು ಬಿದ್ದು ಬಿದ್ದು ನಗುತ್ತಿದ್ದ. ಮರುದಿನ ಬನ್ನಿ ಕೊಡುವ ಹಬ್ಬ. ಯಾವ ವರ್ಷವೂ ತಪ್ಪಿಸದೆ ಬಂದು ನನ್ನ ಕೈಗೆ ಬನ್ನಿ ಇಟ್ಟು ತಬ್ಬಿಕೊಳ್ಳುತ್ತಿದ್ದವನು ಆ ವರ್ಷ ಬರಲಿಲ್ಲ. ತಟ್ಟೆಯಲ್ಲಿಟ್ಟ ಬನ್ನಿ ಎಲೆ ಸಂಜೆಗೆ ಮುದುಡಿತು. ನನಗೆ ಅಳು ಬಂತು. ಸಿಟ್ಟಿನಿಂದಲೇ ಅತ್ತೆ.

ಹಬ್ಬ ಮುಗಿದ ಮೇಲೆ ಒಂದು ಸಂಜೆ ಅಡುಗೆ ಮಾಡಿಕೊಳ್ಳಲು ಬೇಸರವಾಗಿ ತಿರುವಿನ ಮಿರ್ಚಿ ಅಂಗಡಿಗೆ ಹೋದೆ. ಕರಿದದ್ದು ಹೊಟ್ಟೆಗೆ ಆಗದೆಂದು ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದೆ. ಅಂಗಡಿಯವನು ನನ್ನನ್ನು ಕಂಡವನೇ, "ಯಾವಾಗ ಬಂದ್ರಿ ಸರ ಊರಿಂದ?" ಎಂದ.

"ಯಾವ ಊರಿಂದಲೇ?"

"ಬಾಳ ದಿನಾ ಆತಲ್ರಿ, ಗಾಡಿ ಕಾಣವಲ್ದು. ನಿಮ್ಮ ಶಿಗ್ಲಿ ದೋಸ್ತರು ಶ್ರಾವಣದಾಗ ಬಂದಿದ್ರು, ಗಣಪತಿ ಮುಂದನೂ ಬಂದಿದ್ರು. ಇಲ್ಲೇ ನಿಂತು ಕಣ್ಣಿಗೆ ಕೈ ಅಡ್ಡ ಹಿಡದು ನೋಡಿದ್ರು. ಗಾಡಿ ಇಲ್ಲ, ಊರಾಗಿಲ್ಲ ಅಂದ್ರು. ಚಾ ಕುಡದು ಹಂಗ ಹ್ವಾದ್ರು. ಬಸ್ಸಿಗೆ ಜಲ್ದಿ ಹೋಗಬೇಕಂತ."

ಮಿರ್ಚಿ ಕಟ್ಟಿಸಿಕೊಂಡೆನೋ ಇಲ್ಲವೋ ನೆನಪಿಲ್ಲ. ಅಲ್ಲಿಂದ ತಿರುಗಿ ನೋಡಿದೆ. ನನ್ನ ಬಾಗಿಲು, ಅದರ ಮುಂದೆ ಮಲಗಿದ ನಾಯಿ. ಮನೆ ಖಾಲಿ ಇರುವಂತೆಯೇ ಕಂಡಿತು.

ಮರುದಿನ ಬೆಳಿಗ್ಗೆ ದುಪ್ಪಟಿ ಎಳೆದು, ಪಟ್ಟಿ ಬಿಚ್ಚಿ, ಸರಳು ತೆಗೆದು, ಗಾಡಿಯನ್ನು ಇಳಿಸಿ, ಬ್ಯಾಟರಿಯ ವೈರು ಜೋಡಿಸಿದೆ. ಬ್ಯಾಟರಿ ಸತ್ತಿರಲಿಲ್ಲ, ಟಯರು ದುಂಡಗಿದ್ದವು, ಎಲ್ಲೂ ತುಕ್ಕಿಲ್ಲ. ಒದ್ದ ಕೂಡಲೇ ಎದ್ದಿತು. ಜ್ಯಾಕು ತನ್ನ ಕೆಲಸ ಚೊಕ್ಕಟವಾಗಿ ಮಾಡಿತ್ತು, ಅದನ್ನು ಬೈಯಲು ಬಾಯಿಲ್ಲ. ಲಕ್ಷ್ಮೇಶ್ವರದ ದಾರಿ ಹಿಡಿದೆ. ಎರಡೂ ಕಡೆ ಕರಿನೆಲ, ಹೂವಿಗೆ ಬಂದ ಮೆಣಸಿನ ಗಿಡ, ದೂರದಲ್ಲಿ ಗಾಳಿಯಂತ್ರಗಳು. ಗೆಳೆಯನಿಗೆ ಕೊಡಬೇಕಾದ ಬೈಗುಳಗಳನ್ನು ದಾರಿಯುದ್ದಕ್ಕೂ ಜೋಡಿಸುತ್ತ ಹೋದೆ. ತಿರುವಿನಿಂದ ನನ್ನ ಬಾಗಿಲಿಗೆ ಎಷ್ಟು ದೂರ? ಒಂದು ಸಲ ಬಂದು ಬಾಗಿಲು ಬಡಿಯಲು ಕಾಲು ಸವೆಯುತ್ತಿದ್ದವೇ? ಶಿಗ್ಲಿ ಹತ್ತಿರವಾದಂತೆ ಸಿಟ್ಟು ಕರಗಿ ಖುಷಿಯಾಗತೊಡಗಿತ್ತು.

ಅವನ ಹೆಂಡತಿ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದರು. ನಾನು ಅವರನ್ನು ಅತ್ತಿಗೆಯಂತೆ ವೈನಿ ಎನ್ನುತ್ತೇನೆ. "ಬರ್ರಿ. ಈಗ ನೆನಪಾತೇನ್ರಿ ಶಿಗ್ಲಿ?" ಎಂದರು, ಆದರೆ ನಗಲಿಲ್ಲ. ಗೆಳೆಯ ಕಟ್ಟೆಯ ಮೇಲೆ ಕರಿ ಕನ್ನಡಕ ಹಾಕಿಕೊಂಡು ಕುಳಿತಿದ್ದ. ಇಳಿದುಹೋಗಿದ್ದ. ಅವನ ತೂಕಕ್ಕೆ ಈಗ ಚಕ್ರ ಮೇಲೇಳುತ್ತಿರಲಿಲ್ಲ.

"ಚೈನಿಗೆ ಎಣ್ಣಿ ಚೊಲೋ ಹಾಕೀಯಲೇ. ಸಪ್ಪಳ ಸುದ್ದ ಐತಿ," ಎಂದ.

ಕನ್ನಡಕ ನೋಡಿ ಚೇಷ್ಟೆ ಮಾಡಲು ಬಾಯಿ ತೆರೆದಿದ್ದೆ. ಕೈ ಚಾಚಿದೆ. ಅವನ ಕೈ ತೊಡೆಯ ಮೇಲೆಯೇ ಇತ್ತು. ನನ್ನ ಕೈ ಅವನ ಮುಖದ ಮುಂದೆಯೇ ಇದ್ದರೂ ಅವನದು ಏಳಲಿಲ್ಲ.

ವೈನಿ ಚಹಾ ತಂದಿಟ್ಟು ಹೇಳಿದರು. ಕಣ್ಣೊಳಗಿನ ಒತ್ತಡ ಏರಿತ್ತಂತೆ. ಗದುಗಿನ ಡಾಕ್ಟರು ಜಲ್ದಿ ಆಪರೇಷನ್ ಮಾಡಿಸಬೇಕು, ತಡ ಮಾಡಬೇಡಿ ಎಂದಿದ್ದರು. "ಇವರಿಗೆ ಅಂಜಿಕಿ. ಕಣ್ಣಿಗೆ ಬ್ಲೇಡ್ ಹಚ್ತಾರಂದ್ರ ಮೈ ನಡಗತಿತ್ತು. ನಿಮ್ಮನ್ನ ನೆನಸಿ, ಅವನ್ನ ಕರಕೊಂಡು ಹೋಗ್ತೀನಿ, ಅವ ಬಾಜೂಕ ಇದ್ರ ಮಾಡಿಸ್ಕೋತೀನಿ ಅಂತಿದ್ರು. ಫೋನ್ ಮಾಡ್ರಿ ಅಂದ್ರ, ಇಂಥಾದ್ದು ಫೋನಿನ್ಯಾಗ ಹೇಳೂದಲ್ಲ ಅಂದ್ರು. ನಿಮ್ಮನಿ ಕಡೆ ಹೋಗಿ ಬಂದು, ಅವ ಊರಾಗಿಲ್ಲ, ಬರಲಿ ತಡಿ ಅನ್ನೂದು. ಕಡೀಕ ನಮ್ಮಣ್ಣ ಕರಕೊಂಡು ಹ್ವಾದ. ಹೋಗಿದ್ದು ತಿರುಗಿ ಬರೂದಿಲ್ಲ ಅಂದ್ರು ಡಾಕ್ಟರು. ಒಂದು ಕಣ್ಣು ಪೂರಾ ಹೋಗೇತ್ರಿ. ಇನ್ನೊಂದ್ರಾಗ ಬರೇ ಬೆಳಕು ಕಾಣತೈತಿ."

ಇಷ್ಟು ಹೇಳಿ ವೈನಿ ಒಳಗೆ ಹೋದರು. ನಾನು ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕುಳಿತೆ. ಚಹಾ ಲೋಟವನ್ನು ಅವನ ಕೈಗೆ ತಾಗಿಸಿದೆ, ಎರಡೂ ಕೈಯಿಂದ ಹಿಡಿದುಕೊಂಡ.

"ಎಲ್ಲಿ ಹೋಗಿದ್ದೆಲೇ ಇಷ್ಟ ದಿನಾ?" ಎಂದು ಕೇಳಿದ. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. "ಮುಂಡರಗಿ ತಂಗಿ ಮನ್ಯಾಗ ಇದ್ದೇನು?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅವನೇ ನೆವ ಹುಡುಕಿ ನನ್ನ ಕೈಗೆ ಇಟ್ಟಿದ್ದ. ಅವನ ಮನಸ್ಸಿಗೂ ಅದೇ ಹಗುರ, ನನಗೂ ಅದೇ ಹಗುರ. ತಂಗಿ ಮುಂಡರಗಿಯಲ್ಲಿದ್ದಾಳೆ, ಇವನು ಹೋಗಿ ಅವಳನ್ನು ಕೇಳುವವನಲ್ಲ. ಆದರೆ ಹೂಂ ಎನ್ನಲಾಗಲಿಲ್ಲ. ಈ ಮನುಷ್ಯನಿಗೆ ನಾನು ಜೀವಮಾನದಲ್ಲಿ ಬೈದಿದ್ದೇನೆಯೇ ಹೊರತು ಸುಳ್ಳು ಹೇಳಿದವನಲ್ಲ.

"ಮನ್ಯಾಗ ಇದ್ನಿ," ಎಂದೆ.

"ಮತ್ತ ಗಾಡಿ?"

"ಒಳಗಿತ್ತು. ಜ್ಯಾಕ್ ತರಿಸೀನಿ. ಮಳಿಗೆ ಕೆಡಬಾರದಂತ ಪಡಸಾಲ್ಯಾಗ ಎತ್ತಿ ಇಟ್ಟಿದ್ನಿ."

ಅವನು ಲೋಟವನ್ನು ಕಟ್ಟೆಯ ಮೇಲೆ ತಡವಿ ಇಟ್ಟ. ಚಹಾ ಕುಡಿಯಲಿಲ್ಲ. ಬೈಯಲಿ ಎಂದು ಕಾದೆ. ಒಂದು ಸಲ ಬಾಯಿ ತುಂಬ ಬೈದಿದ್ದರೆ ನಾನು ಅವನ ಕಾಲು ಹಿಡಿದುಬಿಡುತ್ತಿದ್ದೆ.

"ನಾ ಒಂದ್ ಕೂಗು ಹಾಕಬೇಕಿತ್ತು ನೋಡಲೇ," ಎಂದ ಕೊನೆಗೆ. ಗಾಡಿ ನಿಂತಿದ್ದ ಕಡೆಗೆ ಮುಖ ಮಾಡಿಕೊಂಡು ಹೇಳಿದ. ನಾನು ಈ ಕಡೆ, ಅವನ ಪಕ್ಕದಲ್ಲೇ ಕುಳಿತಿದ್ದೆ.