ಹಂಸವೂ ಪೊಟ್ಟಣವೂ

ಮಗುವಿಗೆ ಶಾಲೆಯಲ್ಲಿ ಸ್ನೇಹಿತರು ಇದ್ದಾರೋ ಇಲ್ಲವೋ ಎಂದು ತಿಳಿಯಬೇಕಾದರೆ ಮಗುವನ್ನು ಕೇಳಬಾರದು, ಅದರ ಊಟದ ಡಬ್ಬಿಯನ್ನು ಮೂಸಿ ನೋಡಬೇಕು. ಇದು ನನ್ನ ಸ್ವಂತ ಸಂಶೋಧನೆ. ಚಾಮರಾಜಪೇಟೆಯ ಹಳೆಯ ಶಾಲೆಯಿಂದ ನನ್ನ ಮಗಳು ಪಾವನಿ ತರುತ್ತಿದ್ದ ಡಬ್ಬಿಯಲ್ಲಿ ನಾನು ಕಳಿಸಿದ ಚಿತ್ರಾನ್ನದ ಗುರುತೇ ಇರುತ್ತಿರಲಿಲ್ಲ. ಯಾರದೋ ಮನೆಯ ಬೆಳ್ಳುಳ್ಳಿ ಉಪ್ಪಿನಕಾಯಿ, ಇನ್ಯಾರದೋ ಮನೆಯ ಪುದೀನ, ಮುಚ್ಚಳದ ಅಂಚಿಗೆ ಅಂಟಿಕೊಂಡ ಒಂದೆಳೆ ಶಾವಿಗೆ. ಮಲ್ಲೇಶ್ವರಕ್ಕೆ ಮನೆ ಬದಲಿಸಿ, ಅವಳನ್ನು ಇಲ್ಲಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಸೇರಿಸಿದ ಮೇಲೆ ಡಬ್ಬಿಯಲ್ಲಿ ನಮ್ಮ ಮನೆಯ ಇಂಗಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಅಷ್ಟು ಶುದ್ಧವಾದ ಡಬ್ಬಿಯನ್ನು ತೊಳೆಯುವ ಮೊದಲು ಇನ್ನೊಂದು ಸಲ ಮೂಸಿ ನೋಡುತ್ತಿದ್ದೆ.

ಚಾಮರಾಜಪೇಟೆಗೂ ಮಲ್ಲೇಶ್ವರಕ್ಕೂ ಏನು ಮಹಾ ದೂರ ಎಂದು ನೀವು ನಗಬಹುದು. ನಡುವೆ ಮೆಜೆಸ್ಟಿಕ್ ಇದೆ, ಮರೆಯಬೇಡಿ! ಹುಟ್ಟಿದಾಗಿನಿಂದ ಅದರ ಆ ಕಡೆ ಇದ್ದವರಿಗೆ ಈ ಕಡೆಗೆ ಬರುವುದೆಂದರೆ ಸಮುದ್ರ ದಾಟಿದ ಹಾಗೆಯೇ. ಅಲ್ಲಿ ಸೊಪ್ಪು ಮಾರುವವಳಿಗೆ ನನ್ನ ಹೆಸರು, ತವರು, ಮಂಡಿನೋವು ಎಲ್ಲ ಗೊತ್ತಿತ್ತು. ಇಲ್ಲಿ ನಾನು ಬರೀ ‘ಮೇಡಂ’.

“ಊಟಕ್ಕೆ ಯಾರ ಜೊತೆ ಕೂತ್ಕೋತೀಯ ಪುಟ್ಟಾ?” ಎಂದು ಕೇಳಿದರೆ ಪಾವನಿ, “ಬೆಂಚಲ್ಲಿ,” ಎನ್ನುತ್ತಿದ್ದಳು.

“ಬೆಂಚಲ್ಲೇ ಸರಿ, ಯಾರ ಜೊತೆ?”

“ಬೆಂಚ್ ಜೊತೆ.”

ಇದಕ್ಕೆ ನನಗೆ ತಿಳಿದ ಔಷಧ ಒಂದೇ, ಕಾಗದ. ನಾನು ಓದಿದ ಕಾನ್ವೆಂಟಿನಲ್ಲಿ ಕ್ರಾಫ್ಟ್ ಕಲಿಸುತ್ತಿದ್ದ ಸಿಸ್ಟರ್‌ಗೆ ಕಾಗದದ ಮೇಲೆ ದೇವರ ಮೇಲಿದ್ದಷ್ಟೇ ಶ್ರದ್ಧೆ. ಅಂಚಿಗೆ ಅಂಚು ಕೂಡದಿದ್ದರೆ ಬಿಡಿಸಿ ಮತ್ತೆ ಮಡಿಸಬೇಕು. ಬಿಡಿಸಿದ ಗೆರೆ ಕಂಡರೆ ಹೊಸ ಹಾಳೆ ತೆಗೆದುಕೊಳ್ಳಬೇಕು. ಬೀಜಗಣಿತ, ಭೂಗೋಳ ಎಲ್ಲ ದಾರಿಯಲ್ಲೇ ಎಲ್ಲೋ ಉದುರಿಹೋದವು. ಹಂಸ, ಗುಲಾಬಿ, ನಕ್ಷತ್ರ ಮಾತ್ರ ಬೆರಳುಗಳಲ್ಲಿ ಉಳಿದಿವೆ. ಈಗಲೂ ನಾನು ಮಡಿಸಿಟ್ಟ ಟವೆಲ್ ನೋಡಿ ನನ್ನ ಗಂಡ, “ಇದರಲ್ಲಿ ಮುಖ ಒರೆಸ್ಕೋಬಹುದಾ, ಇಲ್ಲ ಬರೀ ನೋಡ್ಬೇಕಾ?” ಎಂದು ಕೇಳುವುದುಂಟು.

ಹೀಗಾಗಿ ಒಂದು ಸೋಮವಾರ ಪಾವನಿಯ ಕೈಯಲ್ಲಿ ಬಿಳಿ ಹಂಸವೊಂದನ್ನು ಕಳಿಸಿದೆ. ಕತ್ತು ಬಾಗಿಸಿ, ರೆಕ್ಕೆ ಅರಳಿಸಿ ಕೂತ ಹಂಸ. ಅದನ್ನು ಕಂಡರೆ ಮಕ್ಕಳು ಮುತ್ತಿಕೊಳ್ಳುತ್ತಾರೆ, ಮುತ್ತಿಕೊಂಡವರಲ್ಲಿ ಒಬ್ಬರಾದರೂ ಉಳಿದುಕೊಳ್ಳುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಸಂಜೆ ಬಾಗಿಲಲ್ಲೇ ಕೇಳಿದೆ, “ಏನಂದ್ರು?”

“ಚೆನ್ನಾಗಿದೆ ಅಂದ್ರು.”

“ಯಾರು?”

“ಮಿಸ್ಸು.”

ಮಿಸ್ಸು ಅದನ್ನು ಗಾಜಿನ ಕಪಾಟಿನಲ್ಲಿಟ್ಟು, ಯಾರೂ ಮುಟ್ಟಕೂಡದು ಎಂದಿದ್ದರಂತೆ. ನಾನು ಉಬ್ಬಿಹೋದೆ. ಮರುದಿನ ಗುಲಾಬಿ, ಆಮೇಲೆ ನಕ್ಷತ್ರ. ಎಲ್ಲವೂ ಸಾಲಾಗಿ ಕಪಾಟು ಸೇರಿದವು. ಹಂಸಕ್ಕೆ ಜೊತೆ ಸಿಕ್ಕಿತು. ನನ್ನ ಮಗಳಿಗೆ ಸಿಗಲಿಲ್ಲ. “ಇದು ನಿಮ್ಮಮ್ಮ ಮಾಡಿದ್ದು ತಾನೆ?” ಎಂದು ಕೇಳಿದವರು ಉತ್ತರಕ್ಕೂ ಕಾಯದೆ ಆಟಕ್ಕೆ ಓಡಿದರಂತೆ. ಕೊನೆಗೆ ಒಂದು ಬೆಳಿಗ್ಗೆ ಪಾವನಿ, “ಅಮ್ಮಾ, ಇವತ್ತು ಏನೂ ಬೇಡ, ಆಯ್ತಾ?” ಎಂದಳು. ಬಹಳ ಮೆತ್ತಗೆ ಹೇಳಿದಳು. ಮಕ್ಕಳು ನಮಗೆ ನೋವಾಗಬಾರದೆಂದು ಮೆತ್ತಗೆ ಮಾತಾಡತೊಡಗಿದರೆ ಪರಿಸ್ಥಿತಿ ಕೈಮೀರಿದೆ ಎಂದೇ ತಿಳಿಯಬೇಕು. ಅವತ್ತು ನನಗೆ ಅಡುಗೆಯಲ್ಲಿ ಮನಸ್ಸು ನಿಲ್ಲಲಿಲ್ಲ.

ಆ ಭಾನುವಾರ ಸಾಂಬಾರ ಪದಾರ್ಥದ ಡಬ್ಬಗಳನ್ನೆಲ್ಲ ತೊಳೆದು ಬಿಸಿಲಿಗಿಟ್ಟಿದ್ದೆ. ಅವು ಒಣಗುವವರೆಗೆ ಸಾಸಿವೆ, ಮೆಂತ್ಯ ಎಲ್ಲಿಡುವುದು? ಕೈ ತಾನಾಗಿ ಹಳೆಯ ಪೇಪರ್ ಎಳೆದುಕೊಂಡು ಸುತ್ತತೊಡಗಿತು. ತರಗುಪೇಟೆಯಲ್ಲಿ ನಮ್ಮಪ್ಪನದು ಬೇಳೆಕಾಳಿನ ಅಂಗಡಿ. ರಜೆಯಲ್ಲಿ ನಾನು ಗೋಣಿಚೀಲದ ಮೇಲೆ ಕೂತು ಪೊಟ್ಟಣ ಸುತ್ತುತ್ತಿದ್ದೆ. ಆ ಕಾಲದಲ್ಲಿ ಪೊಟ್ಟಣ ಎಂದರೆ ಒಂದು ವಾಚನಾಲಯವೇ. ಕಡಲೆ ಮುಗಿದ ಮೇಲೆ ಕಾಗದ ಬಿಚ್ಚಿದರೆ ಧಾರಾವಾಹಿಯ ನಡುವಿನ ಒಂದು ಪುಟವೋ, ಯಾರದೋ ‘ಕನ್ಯೆ ಬೇಕಾಗಿದೆ’ ಜಾಹೀರಾತೋ, ಯಾವನೋ ಪಾಪದ ಹುಡುಗನ ಇತಿಹಾಸದ ಉತ್ತರಪತ್ರಿಕೆಯೋ ಸಿಗುತ್ತಿತ್ತು. ಓಡಿಹೋಗಲು ಹೊರಟು ಬಸ್‌ಸ್ಟಾಂಡಿನಲ್ಲಿ ನಿಂತ ನಾಯಕಿಯೊಬ್ಬಳು ನನ್ನ ಪಾಲಿಗೆ ಇನ್ನೂ ಅಲ್ಲೇ ನಿಂತಿದ್ದಾಳೆ. ಈಗ ಎಲ್ಲಕ್ಕೂ ಪ್ಲಾಸ್ಟಿಕ್ ಪ್ಯಾಕೆಟ್ಟು. ಅದರ ಮೇಲೆ ಓದಲಿಕ್ಕೆ ಎಕ್ಸ್‌ಪೈರಿ ಡೇಟ್ ಒಂದೇ.

“ಇದ್ಯಾವ ಕ್ರಾಫ್ಟಮ್ಮಾ?” ಪಾವನಿ ಬಂದು ಕುಕ್ಕರುಗಾಲಲ್ಲಿ ಕೂತಳು.

“ಕ್ರಾಫ್ಟೂ ಇಲ್ಲ, ಗೀಫ್ಟೂ ಇಲ್ಲ. ಪೊಟ್ಟಣ ಕಣೇ.”

ಅವಳೂ ಸುತ್ತಿದಳು. ಒಂದು ಸೊಟ್ಟ, ಒಂದು ಬೊಜ್ಜು, ಒಂದರ ಬುಡದಿಂದ ಸಾಸಿವೆ ಸರಸರ ಇಳಿದುಹೋಯಿತು. ತಿದ್ದಲು ನನ್ನ ಕೈ ತುರಿಸುತ್ತಿತ್ತು. ಅದನ್ನು ಕಷ್ಟಪಟ್ಟು ಮಡಿಲಲ್ಲಿಟ್ಟುಕೊಂಡೆ. ಮರುದಿನ ನನ್ನನ್ನು ಕೇಳದೆಯೇ ಆ ಸೊಟ್ಟ ಪೊಟ್ಟಣಗಳನ್ನು ಖಾಲಿಮಾಡಿ ಬ್ಯಾಗಿಗೆ ತುರುಕಿಕೊಂಡು ಹೋದಳು.

ಸಂಜೆ ಶೂ ಕೂಡ ಬಿಚ್ಚದೆ ಶುರುಮಾಡಿದಳು. ಅವರ ಶಾಲೆಯ ಅಂಗಳದಲ್ಲಿ ಆನೆ ಗುಲಗಂಜಿ ಮರವಿದೆ, ಕೆಂಪು ಕೆಂಪು ಬೀಜ ಉದುರಿಸುತ್ತದೆ. ಊಟದ ಹೊತ್ತಿನಲ್ಲಿ ಮಕ್ಕಳೆಲ್ಲ ಆರಿಸುತ್ತಾರೆ. ಜೇಬಲ್ಲಿಟ್ಟುಕೊಂಡರೆ ಕ್ಲಾಸಿನಲ್ಲಿ ಚೆಲ್ಲಿ ಬೈಸಿಕೊಳ್ಳಬೇಕು. ಜೀವಿತಾ ಎಂಬ ಹುಡುಗಿ ಕಾಲುಚೀಲದೊಳಗೆ ತುಂಬಿಕೊಂಡು ಕುಂಟುತ್ತಿದ್ದಳಂತೆ. ಪಾವನಿ ಹೋಗಿ, “ಇದರಲ್ಲಿ ಹಾಕ್ಕೊ,” ಎಂದು ಪೊಟ್ಟಣ ಕೊಟ್ಟಿದ್ದಾಳೆ. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಬುಡ ಬಿಟ್ಟುಕೊಂಡಿದೆ.

“‘ಏಯ್, ನಿನ್ ಪೊಟ್ಟಣ ತೂತು ಕಣೇ!’ ಅಂತ ಕಿರುಚಿದ್ಲಮ್ಮಾ! ಎಲ್ಲಾರೂ ಬಗ್ಗಿ ಬೀಜ ಆರಿಸಿದ್ವಿ. ಆಮೇಲೆ ಜೀವಿತಾನೇ ಬುಡ ಮುರಿದು ಮಡಚಿದ್ಲು. ನಾಳೆ ಎಲ್ಲಾರೂ ಪೇಪರ್ ತರ್ತಾರಂತೆ!”

ನನ್ನ ಹಂಸ ಏನು ತಪ್ಪು ಮಾಡಿತ್ತು ಎಂದು ಆಮೇಲೆ ಯೋಚಿಸಿದೆ. ಏನೂ ಮಾಡಿರಲಿಲ್ಲ ಪಾಪ, ತಪ್ಪೇ ಇಲ್ಲದಿದ್ದುದೇ ಅದರ ಕಷ್ಟ. ಅದಕ್ಕೆ ಇನ್ನೊಬ್ಬರು ಸೇರಿಸಬೇಕಾದ್ದು ಏನೂ ಉಳಿದಿರಲಿಲ್ಲ. ಪೊಟ್ಟಣಕ್ಕಾದರೋ ಯಾರಾದರೂ ಏನಾದರೂ ಹಾಕಲೇಬೇಕು, ಅದು ಸೋರಿದರಂತೂ ನಾಲ್ಕು ಜನ ಬಗ್ಗಲೇಬೇಕು.

ಇಷ್ಟು ತಿಳಿದುಕೊಂಡೆನಲ್ಲ, ಜಾಣೆಯಾದೆ ಎಂದುಕೊಂಡಿದ್ದೆ. ಶನಿವಾರ ಜೀವಿತಾ ನಮ್ಮ ಮನೆಗೆ ಬಂದಳು. ಬಿಡಲು ಅವಳ ತಾಯಿ ಶಶಿಕಲಾ ಜೊತೆಗೆ ಬಂದಿದ್ದರು. ಅವರ ಯಜಮಾನರದು ತರಕಾರಿ ವ್ಯಾಪಾರ. ಹುಡುಗಿಯರು ರೂಮಿಗೆ ಓಡಿದರು. ನಾನು ಕತ್ತರಿ, ಗೋಂದು, ಬಣ್ಣದ ಹಾಳೆ ಹಿಡಿದು ಹಿಂದೆಯೇ ಹೋದೆ.

“ಅಮ್ಮಾ, ನೀನು ಆಚೆ ಇರು, ಪ್ಲೀಸ್.” ಬಾಗಿಲು ಹಾಕಿಕೊಂಡಿತು.

ಹಾಲಿನಲ್ಲಿ ನಾವಿಬ್ಬರೇ. “ಮೋಡ ಆಗಿದೆ ಅಲ್ವಾ?” ಎಂದೆ. “ಹೂಂ, ಬಂದ್ರೂ ಬರಬಹುದು ಮಳೆ,” ಎಂದರು. ಹವಾಮಾನ ಅಲ್ಲಿಗೆ ಖಾಲಿಯಾಯಿತು. ಫ್ಯಾನು ನೋಡಿದೆವು. ತಟ್ಟೆಯಲ್ಲಿ ನಿಪ್ಪಟ್ಟುಗಳನ್ನು ತಾವರೆಯ ಎಸಳಿನ ಹಾಗೆ ಜೋಡಿಸಿಟ್ಟಿದ್ದೆ. “ಎಷ್ಟು ಚೆನ್ನಾಗಿ ಇಟ್ಟಿದೀರ ರೀ,” ಎಂದು ಹೊಗಳಿದರು, ಒಂದನ್ನೂ ಮುಟ್ಟಲಿಲ್ಲ. ಸೆರಗು ಸರಿಮಾಡಿಕೊಂಡು, “ಬರ್ತೀನಿ, ಆಮೇಲೆ ಬಂದು ಕರ್ಕೊಂಡ್ ಹೋಗ್ತೀನಿ,” ಎಂದು ಎದ್ದೇಬಿಟ್ಟರು.

ಈ ಮನೆಗೆ ಬಂದ ಮೇಲೆ ನನ್ನ ಜೊತೆ ಕೂತ ಮೊದಲ ಹೆಂಗಸು ಚಪ್ಪಲಿ ಹುಡುಕುತ್ತಿದ್ದರು. ನನ್ನ ಬಾಯಿಂದ ಹೊರಟಿತು, “ಇಲ್ಲಿ ಹಿಟ್ಟಿನ ಗಿರಣಿ ಎಲ್ಲಿದೆ ರೀ?”

ಶಶಿಕಲಾ ತಿರುಗಿದರು. “ಅಯ್ಯೋ, ಇಲ್ಲೇ, ಎರಡು ಕ್ರಾಸ್ ಆಚೆ! ಡಬ್ಬ ತಗೊಳ್ಳಿ, ತೋರಿಸ್ತೀನಿ.”

ಮಕ್ಕಳನ್ನು ನೋಡಿಕೊಳ್ಳಲು ಗಂಡನಿಗೆ ಹೇಳಿ, ಡಬ್ಬಕ್ಕೆ ಗೋಧಿ ಸುರಿದುಕೊಂಡು ಹೊರಟೆ. ದಾರಿಯಲ್ಲಿ ಅವರು ಯಾವ ಅಂಗಡಿಯಲ್ಲಿ ಬೆಲ್ಲ ಚೆನ್ನ, ಯಾವ ದರ್ಜಿ ಬ್ಲೌಸ್ ಹಾಳುಮಾಡುತ್ತಾನೆ ಎಲ್ಲ ಹೇಳಿದರು. ಗಿರಣಿಯ ಮುದುಕ ಹಿಟ್ಟು ಮೆತ್ತಿದ ರೆಪ್ಪೆ ಎತ್ತಿ ನನ್ನನ್ನು ನೋಡಿದ.

“ಏನಮ್ಮಾ, ಹೋದ ವಾರ ತಾನೆ ಡಬ್ಬದ ತುಂಬ ಬೀಸಿಸ್ಕೊಂಡ್ ಹೋದ್ರಿ? ಆಗ್ಲೇ ಖಾಲಿನಾ? ಮದುವೆ ಗಿದುವೆ ಇದೆಯಾ ಮನೇಲಿ?”

ಶಶಿಕಲಾ ನನ್ನ ಮುಖ ನೋಡಿದರು. ನಾನು ಗಿರಣಿಯ ಬೆಲ್ಟ್ ತಿರುಗುವುದನ್ನೇ ನೋಡುತ್ತ ನಿಂತೆ. ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಭುಜ ಕುಣಿಯುವಷ್ಟು ನಕ್ಕರು. ಹಿಟ್ಟು ತುಂಬಿದ ಮೇಲೆ ಬಿಸಿ ಡಬ್ಬದ ಒಂದು ಕಡೆಯ ಹಿಡಿಯನ್ನು ತಾವೇ ಹಿಡಿದುಕೊಂಡು ಹೇಳಿದರು, “ಹೋಗೋವಾಗ ಆ ಕಡೆ ದಾರೀಲಿ ಹೋಗೋಣ ರೀ. ಅದು ಸುತ್ತು.”